ತಂಡದೊಳಗೆ, ಪಂಕ್ತಿಯ ಹೊರಗೆ: ಬಾಳೂ ಪಾಲವಣಕರ್ ಅವರ ಆಟ ಮತ್ತು ರಾಜಕಾರಣ

ಬೊಂಬಾಯಿ ಪ್ರಾಂತದಲ್ಲಿ ಕ್ರಿಕೆಟ್ ಬೇರುಬಿಟ್ಟದ್ದು ಊರಿನ ಅಥವಾ ಜಿಲ್ಲೆಯ ಹೆಸರಿನಲ್ಲಿ ಅಲ್ಲ, ಮತದ ಹೆಸರಿನಲ್ಲಿ. ಪಾರ್ಸಿಗಳು 1848ರಲ್ಲಿಯೇ ಓರಿಯೆಂಟಲ್ ಕ್ರಿಕೆಟ್ ಕ್ಲಬ್ ಕಟ್ಟಿಕೊಂಡರು. ಅವರನ್ನು ನೋಡಿ ಹಿಂದೂಗಳು 1866ರಲ್ಲಿ ಯೂನಿಯನ್ ಕ್ಲಬ್ಬನ್ನು ಕಟ್ಟಿದರು. ಆಳುವ ಬಿಳಿಯರಿಗೆ ತಮ್ಮದೇ ಆದ ಜಿಮ್ಖಾನಾ, ಎಂದರೆ ಆಟ ಮತ್ತು ಕೂಟಗಳೆರಡಕ್ಕೂ ಒದಗುವ ಸದಸ್ಯರ ಸಂಘ, 1875ರಲ್ಲಿ ಬಂದಿತು. ಹೀಗೆ ಹುಟ್ಟಿದ ಸಂಘಗಳ ನಡುವಿನ ಪಂದ್ಯಗಳೇ ಮುಂದೆ 1907ರಲ್ಲಿ ತ್ರಿಕೋನ ಪಂದ್ಯಾವಳಿಯಾಗಿ, 1912ರಲ್ಲಿ ಮುಸ್ಲಿಮರ ತಂಡವೂ ಸೇರಿ ಚತುಷ್ಕೋನವಾಗಿ, 1937ರಲ್ಲಿ 'ಇತರರು' ಎಂಬ ತಂಡದೊಡನೆ ಪಂಚಕೋನವಾಗಿ ಬೆಳೆದು, 1946ರವರೆಗೆ ದೇಶದ ಅತಿ ಜನಪ್ರಿಯ ಕ್ರೀಡಾ ಉತ್ಸವವಾಗಿ ಮೆರೆದವು. ಇಂಥ ವ್ಯವಸ್ಥೆಯಲ್ಲಿ ಒಬ್ಬ ಆಟಗಾರನನ್ನು ತಂಡಕ್ಕೆ ಆರಿಸುವುದೆಂದರೆ ಅವನ ಕೈಚಳಕಕ್ಕೆ ಬೆಲೆ ಕಟ್ಟುವುದಷ್ಟೇ ಆಗಿರಲಿಲ್ಲ; ಅವನು ಯಾವ ಸಮಾಜಕ್ಕೆ ಸೇರಿದವನು ಎಂಬುದನ್ನು ಹತ್ತು ಸಾವಿರ ಜನರ ಮುಂದೆ ಸಾರಿದಂತೆಯೂ ಆಗುತ್ತಿತ್ತು. ಅಸ್ಪೃಶ್ಯನೆಂದು ಊರ ಹೊರಗಿಟ್ಟ ಮನುಷ್ಯನೊಬ್ಬ 'ಹಿಂದೂ' ತಂಡದ ಪರವಾಗಿ ಚೆಂಡು ಎಸೆದರೆ, ಅವನು ಹಿಂದೂವೇ ಅಲ್ಲವೇ, ಹೌದಾದರೆ ಯಾವ ಹೊತ್ತಿನವರೆಗೆ, ಯಾವ ಹೊಸ್ತಿಲಿನವರೆಗೆ ಎಂಬ ಪ್ರಶ್ನೆಗಳು ತಾವಾಗಿ ಏಳುತ್ತಿದ್ದವು.

ಬಾಳೂ ಪಾಲವಣಕರ್ ಅವರ ಎಪ್ಪತ್ತೊಂಬತ್ತು ವರ್ಷಗಳ ಬದುಕು ಈ ಪ್ರಶ್ನೆಯ ಸುತ್ತಲೇ ಹೆಣೆದುಕೊಂಡಿದೆ. ಅವರನ್ನು ಇಂದು ನೆನೆಯುವವರು ಎರಡು ತುಂಡುಗಳಲ್ಲಿ ನೆನೆಯುತ್ತಾರೆ: ಕ್ರಿಕೆಟ್ಟಿನ ಚರಿತ್ರೆಯಲ್ಲಿ ಅವರು ಭಾರತದ ಮೊದಲ ದೊಡ್ಡ ಸ್ಪಿನ್ ಬೌಲರ್, ರಾಜಕೀಯ ಚರಿತ್ರೆಯಲ್ಲಿ 1937ರ ಚುನಾವಣೆಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರ ಎದುರು ನಿಂತು ಸೋತ ಕಾಂಗ್ರೆಸ್ ಅಭ್ಯರ್ಥಿ. ಈ ಎರಡು ತುಂಡುಗಳನ್ನು ಕೂಡಿಸದ ಹೊರತು ಯಾವುದೊಂದೂ ಸರಿಯಾಗಿ ಅರ್ಥವಾಗುವುದಿಲ್ಲ ಎಂಬುದು ಈ ಉಪನ್ಯಾಸದ ನಿಲುವು. ಬಾಳೂ ರಾಜಕಾರಣಕ್ಕೆ ಬಂದದ್ದು ಐವತ್ತು ದಾಟಿದ ಮೇಲೆ ಎಂಬುದು ದಾಖಲೆಯ ಮಟ್ಟಿಗೆ ನಿಜ. ಆದರೆ ಅವರು ಯಾವ ರಾಜಕಾರಣವನ್ನು ಆರಿಸಿಕೊಂಡರೋ ಅದರ ತರ್ಕ ರೂಪುಗೊಂಡದ್ದು ಪುಣೆಯ ಮತ್ತು ಬೊಂಬಾಯಿಯ ಮೈದಾನಗಳಲ್ಲಿ, ಅವರು ಚೆಂಡು ಎಸೆಯುತ್ತಿದ್ದ ಕಾಲದಲ್ಲಿಯೇ.

ಬಾಳೂ ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ಧಾರವಾಡ ಆಗ ಬೊಂಬಾಯಿ ಪ್ರಾಂತದ ಒಂದು ಜಿಲ್ಲೆಯ ಕೇಂದ್ರವಾಗಿತ್ತು. ಮನೆತನದ ಹೆಸರು ಬಂದದ್ದು ಕೊಂಕಣದ ಪಾಲವಣ ಎಂಬ ಹಳ್ಳಿಯಿಂದ. ಜಾತಿ ಚಾಂಭಾರ, ಅಂದರೆ ಧಾರವಾಡದ ಕಡೆಯ ಸಮಗಾರರಂತೆ ತೊಗಲಿನ ಕೆಲಸಕ್ಕೆ ಕಟ್ಟುಬಿದ್ದ, ಅದೇ ಕಾರಣಕ್ಕೆ ಅಸ್ಪೃಶ್ಯವೆನಿಸಿದ ಸಮುದಾಯ. ತಂದೆ ಸೈನ್ಯದ ನೌಕರಿಯಲ್ಲಿದ್ದರು. ಧಾರವಾಡದೊಡನೆ ಬಾಳೂ ಅವರ ನಂಟು ಹುಟ್ಟಿನೊಂದಿಗೆ ಮೊದಲಾಗಿ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ಅವರನ್ನು ಕನ್ನಡಿಗರೆಂದು ಎಳೆದು ತರುವ ಹಟ ಬೇಕಿಲ್ಲ. ಆದರೆ ತಮ್ಮ ಊರಿನಲ್ಲಿ ಹುಟ್ಟಿದ ಇಂಥ ಒಬ್ಬರ ಹೆಸರು ಧಾರವಾಡದವರ ನಾಲಗೆಯ ಮೇಲೆ ಇನ್ನಷ್ಟು ಸಲೀಸಾಗಿ ಬರಬೇಕಿತ್ತು ಎನ್ನುವುದು ಹಟವಲ್ಲ. ಸೈನ್ಯದ ಹಿನ್ನೆಲೆಗೆ ಇನ್ನೊಂದು ಮಹತ್ವವೂ ಇದೆ. ಹದಿನೈದು ವರ್ಷಗಳ ನಂತರ ಮಹೂ ದಂಡುಪ್ರದೇಶದಲ್ಲಿ ಹುಟ್ಟಿದ ಅಂಬೇಡ್ಕರ್ ಅವರ ತಂದೆಯೂ ಸೈನ್ಯದವರೇ. ಪೂರ್ವಜರ ಹಳ್ಳಿಯಲ್ಲಿ ಹುಟ್ಟಿದ್ದರೆ ಅಕ್ಷರ, ಸಂಬಳ, ಪೇಟೆಯ ವಾಸ ಯಾವುವೂ ಸುಲಭವಾಗಿ ಸಿಗದಿದ್ದ ಸಮುದಾಯಗಳ ಮಕ್ಕಳಿಗೆ ಆ ಕಾಲದಲ್ಲಿ ಹೊರಜಗತ್ತಿನ ಬಾಗಿಲಾಗಿದ್ದದ್ದು ದಂಡು ಎಂಬುದು ಈ ಇಬ್ಬರ ಬದುಕಿನಿಂದಲೂ ಕಾಣುತ್ತದೆ.

ಕುಟುಂಬ ಪುಣೆಗೆ ಬಂದ ಮೇಲೆ ಬಾಳೂ ಮತ್ತು ತಮ್ಮ ಶಿವರಾಮ, ದಂಡಿನ ಅಧಿಕಾರಿಗಳು ಆಡಿ ಬಿಟ್ಟ ಸಾಮಾನುಗಳಿಂದ ಕ್ರಿಕೆಟ್ ಕಲಿತರು. ಬಾಳೂ ಅವರ ಮೊದಲ ನೌಕರಿ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬೊಂದರಲ್ಲಿ. ಪಿಚ್ ಗುಡಿಸುವುದು, ರೋಲರ್ ಎಳೆಯುವುದು ಕೆಲಸ. ಸಂಬಳ ತಿಂಗಳಿಗೆ ಮೂರು ರೂಪಾಯಿ. 1892ರಲ್ಲಿ ಅವರು ಬಿಳಿಯರ ಪೂನಾ ಕ್ಲಬ್ಬಿಗೆ ಸೇರಿದಾಗ ಅದು ನಾಲ್ಕು ರೂಪಾಯಿಯಾಯಿತು. ಅಲ್ಲಿ ನೆಲ ಹದಮಾಡುವುದು, ಸುಣ್ಣದ ಗೆರೆ ಎಳೆಯುವುದು, ನೆಟ್ ಕಟ್ಟುವುದು ಇವುಗಳ ಜೊತೆಗೆ ಆಗಾಗ ಬಿಳಿಯ ದಾಂಡಿಗರಿಗೆ ಅಭ್ಯಾಸಕ್ಕಾಗಿ ಚೆಂಡು ಎಸೆಯುವುದೂ ಸೇರಿಕೊಂಡಿತು. ಕ್ಯಾಪ್ಟನ್ ಜೆ.ಜಿ. ಗ್ರೆಗ್ ಎಂಬ ಸೈನ್ಯಾಧಿಕಾರಿ, ಆ ಕಾಲದ ಭಾರತದಲ್ಲಿನ ಅತ್ಯುತ್ತಮ ಬಿಳಿಯ ದಾಂಡಿಗರಲ್ಲಿ ಒಬ್ಬರು, ಉಳಿದವರಿಗಿಂತ ಮುಂಚೆಯೇ ಮೈದಾನಕ್ಕೆ ಬಂದು ಬಾಳೂ ಅವರ ಎಸೆತಗಳನ್ನು ಆಡುತ್ತಿದ್ದರೆಂದೂ, ತಮ್ಮನ್ನು ಔಟ್ ಮಾಡಿದ ಪ್ರತಿ ಸಲಕ್ಕೆ ಎಂಟಾಣೆ ಕೊಡುತ್ತಿದ್ದರೆಂದೂ ಹೇಳಲಾಗುತ್ತದೆ. ತಿಂಗಳಿಡೀ ರೋಲರ್ ಎಳೆದರೆ ನಾಲ್ಕು ರೂಪಾಯಿ. ಎಂಟು ಸಲ ಗ್ರೆಗ್ ಅವರನ್ನು ಔಟ್ ಮಾಡಿದರೆ ಅದೇ ನಾಲ್ಕು ರೂಪಾಯಿ. ಈ ಲೆಕ್ಕ ಆ ಹುಡುಗನ ಮನಸ್ಸಿನಲ್ಲಿ ಏನನ್ನು ಮೂಡಿಸಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಇಷ್ಟಾದರೂ ಪೂನಾ ಕ್ಲಬ್ಬಿನಲ್ಲಿ ಅವರ ಕೈಗೆ ಬ್ಯಾಟು ಕೊಟ್ಟವರಿಲ್ಲ. ಬ್ಯಾಟಿಂಗ್ ದೊರೆಗಳದು, ಬೌಲಿಂಗ್ ಆಳುಗಳದು ಎಂಬ ಶ್ರಮವಿಭಜನೆ ಇಂಗ್ಲೆಂಡಿನ ವರ್ಗಭೇದದಿಂದ ಬಂದದ್ದು. ಭಾರತದ ಜಾತಿಭೇದಕ್ಕೆ ಅದು ಯಾವ ತಿದ್ದುಪಡಿಯೂ ಇಲ್ಲದೆ ಹೊಂದಿಕೊಂಡಿತು.

ಬಾಳೂ ಅವರ ಕಲೆ ಎಡಗೈ ನಿಧಾನಗತಿಯ ಸ್ಪಿನ್. ಬೆರಳುಗಳಿಂದ ಚೆಂಡನ್ನು ತಿರುಚಿ, ಗಾಳಿಯಲ್ಲಿ ತುಸು ಮೇಲಕ್ಕೆ ತೇಲಿಸಿ, ನೆಲಕ್ಕೆ ಬಿದ್ದ ಮೇಲೆ ಬಲಗೈ ದಾಂಡಿಗನಿಂದ ಆಚೆಗೆ ಸರಿಯುವಂತೆ ಮಾಡುವ ಈ ಬಗೆಯ ಎಸೆತದಲ್ಲಿ ವೇಗಕ್ಕಿಂತ ತಾಳ್ಮೆ ಮುಖ್ಯ. ಒಂದೇ ಜಾಗಕ್ಕೆ ಹತ್ತು ಚೆಂಡು ಹಾಕಿ ದಾಂಡಿಗನಿಗೆ ನಂಬಿಕೆ ಹುಟ್ಟಿಸಿ, ಹನ್ನೊಂದನೆಯದನ್ನು ಒಂದು ಗೇಣು ಹಿಂದಕ್ಕೆ ಬೀಳಿಸುವುದು ಅದರ ಗುಟ್ಟು. ಅವರು ಚೆಂಡನ್ನು ಎರಡೂ ಕಡೆಗೆ ತಿರುಗಿಸಬಲ್ಲವರಾಗಿದ್ದರು. ಇಂಗ್ಲೆಂಡಿನ ಪ್ರಸಿದ್ಧ ಎಡಗೈ ಬೌಲರ್ ವಿಲ್‌ಫ್ರೆಡ್ ರೋಡ್ಸ್ ಅವರಿಗೆ ಹೋಲಿಸಿ 'ಭಾರತದ ರೋಡ್ಸ್' ಎಂದು ಕರೆದವರಿದ್ದಾರೆ. ನೆಲ ಗುಡಿಸಿ, ನೀರುಣಿಸಿ, ರೋಲರ್ ಎಳೆದು ವರ್ಷಗಟ್ಟಲೆ ಪಿಚ್ಚಿನ ಒಡನಾಟದಲ್ಲಿ ಬೆಳೆದವನಿಗೆ ಯಾವ ಹೊತ್ತಿನಲ್ಲಿ ಯಾವ ಮಣ್ಣು ಚೆಂಡನ್ನು ಹಿಡಿದು ತಿರುಗಿಸೀತು ಎಂಬ ತಿಳಿವು ಬೇರೆಯವರಿಗಿಂತ ಹೆಚ್ಚಾಗಿದ್ದರೆ ಆಶ್ಚರ್ಯವಿಲ್ಲ. ಆಳಿನ ದುಡಿಮೆಯೇ ಹೀಗೆ ಕಲೆಯ ಬಂಡವಾಳವಾಯಿತು. ಅವರ ಕೈಯಲ್ಲಿದ್ದ ಚೆಂಡೂ ತೊಗಲಿನದೇ. ಯಾವ ತೊಗಲನ್ನು ಮುಟ್ಟಿ ಹದಮಾಡಿದ್ದಕ್ಕಾಗಿ ಒಂದು ಸಮುದಾಯ ಮೈಲಿಗೆಯೆನಿಸಿತೋ ಅದೇ ತೊಗಲಿನ ಚೆಂಡು ಬಾಳೂ ಅವರ ಬೆರಳಿನಿಂದ ಹೊರಟು ಎಲ್ಲ ಜಾತಿಯ ಫೀಲ್ಡರುಗಳ ಕೈಯಿಂದ ಕೈಗೆ ದಾಟಿ ಮತ್ತೆ ಅವರ ಕೈಗೇ ಬರುತ್ತಿತ್ತು. ಆಟ ನಡೆಯುವಷ್ಟು ಹೊತ್ತು ಅದನ್ನು ತಡೆಯುವ ಶಾಸ್ತ್ರ ಯಾರಲ್ಲಿಯೂ ಇರಲಿಲ್ಲ.

ಆಟ ನಿಂತ ಕೂಡಲೇ ಶಾಸ್ತ್ರ ಹಿಂದಿರುಗುತ್ತಿತ್ತು. ಪೂನಾ ಹಿಂದೂಸ್ ಎಂಬ ಸ್ಥಳೀಯ ತಂಡ ಬಿಳಿಯರನ್ನು ಸೋಲಿಸಬೇಕೆಂದು ಹವಣಿಸುತ್ತಿದ್ದಾಗ ಬಾಳೂ ಅವರನ್ನು ಸೇರಿಸಿಕೊಳ್ಳಬೇಕೆ ಎಂಬ ಚರ್ಚೆ ಎದ್ದಿತು. ತಂಡದ ತೆಲುಗು ಸದಸ್ಯರು ಬೇಕೆಂದರು, ಮರಾಠಿ ಬ್ರಾಹ್ಮಣ ಸದಸ್ಯರು ಹಿಂಜರಿದರು. ಕೊನೆಗೆ ಗೆಲುವಿನ ಆಸೆ ಗೆದ್ದಿತು. ಆದರೆ ಚಹದ ವಿರಾಮದಲ್ಲಿ ಉಳಿದವರು ಪೆವಿಲಿಯನ್ನಿನ ಒಳಗೆ ಪಿಂಗಾಣಿಯ ಬಟ್ಟಲುಗಳಲ್ಲಿ ಚಹ ಕುಡಿಯುವಾಗ ಬಾಳೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹ ಬರುತ್ತಿತ್ತು. ಮುಖ ತೊಳೆಯಬೇಕೆಂದರೆ ಅಸ್ಪೃಶ್ಯನಾದ ಇನ್ನೊಬ್ಬ ಆಳು ಮೈದಾನದ ಮೂಲೆಗೆ ನೀರು ತಂದು ಹಾಕಬೇಕಾಗಿತ್ತು. ಊಟದ ತಟ್ಟೆ ಬೇರೆ, ಮೇಜು ಬೇರೆ. ಪಂಕ್ತಿ ಎಂಬುದು ಭಾರತೀಯ ಸಮಾಜದಲ್ಲಿ ಊಟದ ಸಾಲು ಮಾತ್ರವಲ್ಲ; ಯಾರ ಪಕ್ಕದಲ್ಲಿ ಯಾರು ಕೂರಬಹುದು ಎಂಬುದರ ಮೂಲಕ ಇಡೀ ಸಮಾಜದ ನಕ್ಷೆಯನ್ನೇ ಎಲೆಗಳ ಸಾಲಿನಲ್ಲಿ ಬರೆದಿಡುವ ವ್ಯವಸ್ಥೆ. ಬಾಳೂ ತಂಡದೊಳಗಿದ್ದರು, ಪಂಕ್ತಿಯ ಹೊರಗಿದ್ದರು.

ಈ ವಿರೋಧಾಭಾಸ ಆಗಲೇ ಕೆಲವರ ಕಣ್ಣಿಗೆ ಬಿದ್ದಿತ್ತು. ಸಾತಾರಾದ ಬಿಳಿಯರ ಜಿಮ್ಖಾನಾವನ್ನು ಪೂನಾ ಹಿಂದೂಸ್ ಸೋಲಿಸಿ, ಬಾಳೂ ಏಳು ವಿಕೆಟ್ ಪಡೆದು ಬಂದಾಗ, ಜೊತೆಗೆ ಆಡಬಹುದಾದರೆ ಜೊತೆಗೆ ಉಣ್ಣುವುದಕ್ಕೆ ಅಡ್ಡಿಯೇನು ಎಂಬರ್ಥದ ಮಾತನ್ನು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಅವರು ಸಾರ್ವಜನಿಕವಾಗಿ ಆಡಿದರೆಂದು ದಾಖಲಾಗಿದೆ. ಸಮಾಜಸುಧಾರಣೆಯಲ್ಲಿ ರಾನಡೆ ಅವರೊಡನೆ ಬಹಳ ಭಿನ್ನಾಭಿಪ್ರಾಯವಿದ್ದ ಬಾಲಗಂಗಾಧರ ತಿಲಕರೂ ಬಾಳೂ ಅವರನ್ನು ಮೆಚ್ಚಿ ಮಾತನಾಡಿದರು. ಒಬ್ಬರಿಗೆ ಬಾಳೂ ಅವರಲ್ಲಿ ಸುಧಾರಣೆಯ ದಾರಿ ಕಂಡಿತು. ಇನ್ನೊಬ್ಬರಿಗೆ ಬಿಳಿಯರನ್ನು ಮಣಿಸುವ ಬಲ ಕಂಡಿರಬೇಕು. ಬಾಳೂ ಅವರ ಮುಂದಿನ ಬದುಕಿನ ಉದ್ದಕ್ಕೂ ಈ ಎರಡು ನೋಟಗಳೂ ಅವರನ್ನು ತಮ್ಮ ತಮ್ಮ ಕಡೆಗೆ ಎಳೆಯುತ್ತಲೇ ಇದ್ದವು.

1896ರಲ್ಲಿ ಹಬ್ಬಿದ ಪ್ಲೇಗು ಪುಣೆಯ ಬದುಕನ್ನು ಕದಡಿದ ಕಾಲದಲ್ಲಿ ಬಾಳೂ ಬೊಂಬಾಯಿಗೆ ಹೋದರು. ಮೊದಲು ಸೈನ್ಯದಲ್ಲಿ, ಆಮೇಲೆ ರೈಲ್ವೆ ಕಂಪನಿಯಲ್ಲಿ ನೌಕರಿ ಮಾಡಿದರು. ಪರಮಾನಂದದಾಸ ಜೀವನದಾಸ ಹಿಂದೂ ಜಿಮ್ಖಾನಾ ಕೆಲವು ಸದಸ್ಯರ ವಿರೋಧದ ನಡುವೆಯೂ ಅವರನ್ನು ಆಡಲು ಕರೆಯಿತು. ಬೊಂಬಾಯಿಯ ಗಾಳಿ ಪುಣೆಯದಕ್ಕಿಂತ ಸಡಿಲವಾಗಿತ್ತು. ಅಲ್ಲಿ ಕ್ರಮೇಣ ಪಂಕ್ತಿಯ ಗೋಡೆಯೂ ಬಿದ್ದು, ಬಾಳೂ ಸಹ ಆಟಗಾರರ ಜೊತೆಗೆ ಉಣ್ಣುವಂತಾಯಿತು. 1906ರ ಫೆಬ್ರುವರಿಯಲ್ಲಿ ಹಿಂದೂ ತಂಡ ಮೊದಲ ಬಾರಿಗೆ ಬಿಳಿಯರ ಬಾಂಬೆ ಜಿಮ್ಖಾನಾದ ಎದುರು ಆಡಿ 109 ರನ್ನುಗಳಿಂದ ಗೆದ್ದಿತು. ಬಾಳೂ ಮತ್ತು ಶಿವರಾಮ ಇಬ್ಬರೂ ಆ ತಂಡದಲ್ಲಿದ್ದರು. ವಂಗಭಂಗದ ವಿರುದ್ಧ ಸ್ವದೇಶಿ ಚಳವಳಿ ಕಾವೇರಿದ್ದ ವರ್ಷ ಅದು. ಗೆಲುವಿಗೆ ಆಟದ ಅಂಕಪಟ್ಟಿಯಲ್ಲಿ ಹಿಡಿಸದಷ್ಟು ಅರ್ಥ ಬಂದಿತು. 'ಇಂಡಿಯನ್ ಸೋಶಿಯಲ್ ರಿಫಾರ್ಮರ್' ಎಂಬ ಸುಧಾರಣಾವಾದಿ ಪತ್ರಿಕೆ ಮಾತ್ರ ಗೆಲುವಿಗಿಂತ ಹೆಚ್ಚಾಗಿ ತಂಡ ಕೂಡಿಬಂದ ಬಗೆಯನ್ನು ಎತ್ತಿ ಹಿಡಿಯಿತು; ಈ ಚಾಂಭಾರ ಸಹೋದರರನ್ನು ಒಳಗೆ ಬಿಟ್ಟುಕೊಂಡ ಸಂಗತಿ ಯುವಕರ ಮನಸ್ಸನ್ನು ಹಿಗ್ಗಿಸಿದಷ್ಟು ಬೇರೆ ಯಾವ ಪ್ರಯತ್ನವೂ ಹಿಗ್ಗಿಸಿಲ್ಲ ಎಂಬುದು ಅದರ ಅಭಿಪ್ರಾಯವಾಗಿತ್ತು. ಬಾಳೂ ಅವರ ಮನಸ್ಸಿನಲ್ಲಿಯೂ ಇದೇ ನಂಬಿಕೆ ಬೇರೂರಿತೆಂದು ತೋರುತ್ತದೆ. ಮಣ್ಣಿನ ಕುಡಿಕೆಯಿಂದ ಸಹಭೋಜನದವರೆಗಿನ ದಾರಿಯನ್ನು ಅವರು ಓದಿ ತಿಳಿದವರಲ್ಲ, ನಡೆದು ಬಂದವರು. ಒಂದೇ ತಂಡದಲ್ಲಿ ಉಳಿದು, ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿ, ಕಾದರೆ, ಬಾಗಿಲು ತೆರೆಯುತ್ತದೆ ಎಂಬುದು ಅವರ ಪಾಲಿಗೆ ಅನುಭವವೇ ಆಗಿತ್ತು.

1911ರ ಇಂಗ್ಲೆಂಡ್ ಪ್ರವಾಸ ಈ ನಂಬಿಕೆಯ ತುತ್ತತುದಿ. ಪಟಿಯಾಲಾದ ತರುಣ ಮಹಾರಾಜ ಭೂಪಿಂದರ್ ಸಿಂಗ್ ಅವರ ನಾಯಕತ್ವದ ಆ ಮೊದಲ ಅಖಿಲ ಭಾರತ ತಂಡದಲ್ಲಿ ಪಾರ್ಸಿಗಳು, ಹಿಂದೂಗಳು, ಮುಸ್ಲಿಮರು ಎಲ್ಲರೂ ಇದ್ದರು; ಮೈಸೂರು ಸಂಸ್ಥಾನದ ಬಿ. ಜಯರಾಂ ಇದ್ದರು, ಬಾಳೂ ಮತ್ತು ಶಿವರಾಮ ಇದ್ದರು. ತಂಡದ ಸಾಧನೆ ಹೆಚ್ಚಿನದಲ್ಲ: ಇಪ್ಪತ್ತಮೂರು ಪಂದ್ಯಗಳಲ್ಲಿ ಹದಿನೈದು ಸೋಲು, ಆರು ಗೆಲುವು. ಮಹಾರಾಜರು ಬ್ರಿಟಿಷ್ ದೊರೆಯ ಪಟ್ಟಾಭಿಷೇಕದ ವರ್ಷದ ಸಮಾರಂಭಗಳಲ್ಲಿ ಮುಳುಗಿ ಹೆಚ್ಚಿನ ಪಂದ್ಯಗಳನ್ನು ಆಡಲೇ ಇಲ್ಲ. ಆದರೆ ಮೂವತ್ತೈದು ವರ್ಷದ ಬಾಳೂ ಅಪರಿಚಿತ ಹವೆಯಲ್ಲಿ, ಒದ್ದೆ ಹುಲ್ಲಿನ ಮೇಲೆ, ದಿನದ ಹೆಚ್ಚು ಹೊತ್ತು ಒಂದೇ ಕೊನೆಯಿಂದ ಚೆಂಡು ಎಸೆಯುತ್ತ ಪ್ರವಾಸದುದ್ದಕ್ಕೂ ನೂರಕ್ಕಿಂತ ಹೆಚ್ಚು ವಿಕೆಟ್ ಪಡೆದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ಎದುರು ಒಂದೇ ಇನ್ನಿಂಗ್ಸಿನಲ್ಲಿ 103 ರನ್ನಿಗೆ 8 ವಿಕೆಟ್ ಅವರ ಪಾಲಾದವು. ಪ್ರಥಮ ದರ್ಜೆಯ, ಎಂದರೆ ಮಾನ್ಯತೆ ಪಡೆದ ಉನ್ನತ ಮಟ್ಟದ, 33 ಪಂದ್ಯಗಳಲ್ಲಿ ಸರಾಸರಿ ಹದಿನೈದು ರನ್ನಿಗೊಂದರಂತೆ 179 ವಿಕೆಟ್‌ಗಳು ಎಂಬ ಅವರ ಜೀವಮಾನದ ಲೆಕ್ಕ ಇಂದಿನ ಮಾನದಂಡದಿಂದಲೂ ಬೆರಗು ಹುಟ್ಟಿಸುವಂಥದು.

ಅವರು ತಿರುಗಿ ಬಂದಾಗ ಬೊಂಬಾಯಿಯ ದಮನಿತ ವರ್ಗಗಳ ಜನ ಸಭೆ ಸೇರಿಸಿ ಸನ್ಮಾನಿಸಿದರು. ಆ ಸಭೆಯ ಮಾನಪತ್ರವನ್ನು ಸಿದ್ಧಪಡಿಸಿದವರು ಆಗ ಎಲ್ಫಿನ್‌ಸ್ಟನ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್ ಎಂದು ಇತಿಹಾಸಕಾರ ರಾಮಚಂದ್ರ ಗುಹಾ ತಮ್ಮ 'ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್' ಗ್ರಂಥದಲ್ಲಿ ಹೇಳುತ್ತಾರೆ. ಅಂಬೇಡ್ಕರ್ ತಲೆಮಾರಿನ ಹುಡುಗರಿಗೆ, ಜಾತಿಯ ಗೆರೆ ದಾಟಿ ಇಡೀ ನಗರದ ಬಾಯಲ್ಲಿ ಹೆಸರಾದ ತಮ್ಮವರೊಬ್ಬರು ಎಂದರೆ ಅದು ಬಾಳೂ. ಇಪ್ಪತ್ತಾರು ವರ್ಷಗಳ ನಂತರ ಈ ಇಬ್ಬರೂ ಒಂದೇ ಕ್ಷೇತ್ರದಲ್ಲಿ ಎದುರಾಳಿಗಳಾದಾಗ ಅಲ್ಲಿ ಹಗೆತನವಿರಲಿಲ್ಲ ಎಂದು ತಿಳಿಯಬೇಕಾದರೆ ಈ ಹಿನ್ನೆಲೆಯನ್ನು ಮರೆಯಬಾರದು.

ಅಷ್ಟು ದೂರ ನಡೆದ ದಾರಿ ಒಂದು ಬಾಗಿಲಿನ ಮುಂದೆ ಬಂದು ನಿಂತಿತು. ಅದು ನಾಯಕತ್ವ. ಕ್ರಿಕೆಟ್ಟಿನಲ್ಲಿ ನಾಯಕನೆಂದರೆ ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವಾಗ ಚೆಂಡು ಹಿಡಿಯಬೇಕು ಎಂದು ಆಜ್ಞಾಪಿಸುವವನು. ಅಸ್ಪೃಶ್ಯನೊಬ್ಬ ತಂಡಕ್ಕಾಗಿ ದುಡಿಯುವುದು ಬೇರೆ, ಸವರ್ಣೀಯರಿಗೆ ಆಜ್ಞೆ ಕೊಡುವುದು ಬೇರೆ. ಮೊದಲನೆಯದನ್ನು ಜಾತಿ ವ್ಯವಸ್ಥೆ ಶತಮಾನಗಳಿಂದ ಬಲ್ಲದು, ಎರಡನೆಯದನ್ನು ಅದು ಸಹಿಸದು. ವರ್ಷ ವರ್ಷವೂ ಹಿಂದೂ ತಂಡದ ನಾಯಕತ್ವ ಬೇರೆಯವರ ಪಾಲಾಯಿತು. 1913ರಲ್ಲಿ ನಾಯಕರಾಗಿ ನೇಮಕಗೊಂಡ ಎಂ.ಡಿ. ಪೈ ಅವರೇ, ಅನುಭವದಲ್ಲಿ ಹಿರಿಯರಾದ ಬಾಳೂ ಅವರಿಗೆ ಈ ಗೌರವ ಸಲ್ಲಬೇಕಾಗಿತ್ತು ಎಂಬರ್ಥದ ಮಾತನ್ನು ತಮ್ಮ ಸನ್ಮಾನದ ಸಭೆಯಲ್ಲಿಯೇ ಆಡಿದರು. ತನಗೆ ಬಂದ ಹಾರವನ್ನು ಕೈಯಲ್ಲಿ ಹಿಡಿದು, ಇದು ಇನ್ನೊಬ್ಬರದು ಎಂದು ಹೇಳುವ ಆ ದೊಡ್ಡತನ ಅಂದಿನ ಕ್ರೀಡಾಲೋಕದಲ್ಲಿ ಮಾತ್ರವಲ್ಲ, ಇಂದಿನದರಲ್ಲಿಯೂ ಅಪರೂಪ.

1920ರಲ್ಲಿ ಈ ಒಳಗುದಿ ಹೊರಗೆ ಬಂದಿತು. ಪೈ ಅಸ್ವಸ್ಥರಾದಾಗ ಆಯ್ಕೆ ಸಮಿತಿ ನಾಯಕತ್ವವನ್ನು ಡಿ.ಬಿ. ದೇವಧರ್ ಅವರಿಗೆ ಕೊಟ್ಟಿತು. ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟಿತು. ಬಾಳೂ ಅವರ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ, ಇಬ್ಬರೂ ದೇವಧರ್ ಅವರಿಗಿಂತ ಹಿರಿಯ ಆಟಗಾರರು, ತಂಡದಿಂದ ಹಿಂದೆ ಸರಿದರು. ತಮ್ಮನ್ನು ಕಡೆಗಣಿಸಿದ್ದು ಜಾತಿಯ ಕಾರಣಕ್ಕೆ ಎಂದು ಬಹಿರಂಗ ಹೇಳಿಕೆ ಕೊಟ್ಟರು. ಈ ಹೇಳಿಕೆಯನ್ನು ಕ್ರೀಡಾ ಇತಿಹಾಸದ ಒಂದು ಅಡಿಟಿಪ್ಪಣಿಯಾಗಿ ಓದುವುದು ತಪ್ಪು. ಅಂಬೇಡ್ಕರ್ 'ಮೂಕನಾಯಕ' ಪತ್ರಿಕೆಯನ್ನು ಆರಂಭಿಸಿದ್ದು ಅದೇ 1920ರಲ್ಲಿ. ಅಸ್ಪೃಶ್ಯತಾ ನಿವಾರಣೆ ಕಾಂಗ್ರೆಸ್ಸಿನ ಕಾರ್ಯಕ್ರಮದೊಳಗೆ ಬಂದದ್ದೂ ಅದೇ ಹೊತ್ತಿಗೆ. ಆಡುವುದನ್ನು ನಿಲ್ಲಿಸುವುದೆಂಬ ಆಯುಧವನ್ನು ಸಹೋದರರು ಹಿಡಿದದ್ದು, ಗಾಂಧೀಜಿ ಅಸಹಕಾರದ ಕರೆ ಕೊಟ್ಟ ವರ್ಷದಲ್ಲಿಯೇ. ಸಮಿತಿ ಮಣಿಯಿತು, ಮುಂದಿನ ಪಂದ್ಯಕ್ಕೆ ಪೈ ಮರಳಿ ಬಂದರು, ಬಾಳೂ ಉಪನಾಯಕರಾದರು, ತಮ್ಮಂದಿರೂ ಹಿಂದಿರುಗಿದರು. ಪೈ ಮೈದಾನದಿಂದ ಹೊರಗಿದ್ದಷ್ಟು ಹೊತ್ತು ತಂಡವನ್ನು ಬಾಳೂ ನಡೆಸಿದರು. ಅವರಿಗೆ ದಕ್ಕಿದ ನಾಯಕತ್ವ ಅಷ್ಟೇ. ಆಗ ಅವರ ವಯಸ್ಸು ನಲವತ್ತನಾಲ್ಕು.

ವಿಠ್ಠಲ 1923ರಲ್ಲಿ ಹಿಂದೂ ತಂಡದ ನಾಯಕರಾದರು. ಆ ವರ್ಷ ಬಿಳಿಯರನ್ನು ಸೋಲಿಸಿ ತಂಡ ಗೆದ್ದಾಗ ಜನ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅಣ್ಣನಿಗೆ ಮುಚ್ಚಿದ ಬಾಗಿಲು ತಮ್ಮನಿಗೆ ತೆರೆಯಿತು. ಇಲ್ಲಿ ಬಾಳೂ ಅವರ ರಾಜಕೀಯ ಮನೋಧರ್ಮದ ಬೀಗದಕೈ ಇದೆ. 1920ರ ಘಟನೆಯನ್ನು ಇಬ್ಬರು ಇಬ್ಬಗೆಯಾಗಿ ಓದಬಹುದು. ಇಪ್ಪತ್ತೈದು ವರ್ಷ ದುಡಿದು, ಇಂಗ್ಲೆಂಡಿನಲ್ಲಿ ಹೆಸರು ಮಾಡಿ ಬಂದವನಿಗೂ ನ್ಯಾಯ ಸಿಗಲಿಲ್ಲ, ಆದ್ದರಿಂದ ಯೋಗ್ಯತೆಯ ದಾರಿ ಹುಸಿ ಎಂಬುದು ಒಂದು ಓದು. ಪ್ರತಿಭಟಿಸಿದ ಮೂರು ವರ್ಷಗಳಲ್ಲಿ ನಮ್ಮ ಮನೆಯವನೇ ನಾಯಕನಾದ, ಆದ್ದರಿಂದ ಒಳಗಿದ್ದು ಹೋರಾಡುವ ದಾರಿ ನಿಜ ಎಂಬುದು ಇನ್ನೊಂದು. ಬಾಳೂ ಎರಡನೆಯದನ್ನು ಆರಿಸಿಕೊಂಡರು.

1932 ಈ ಆಯ್ಕೆಯನ್ನು ದೇಶದ ಮಟ್ಟದಲ್ಲಿ ಮುಂದೊಡ್ಡಿತು. ಆ ವರ್ಷದ ಜೂನ್‌ನಲ್ಲಿ ಭಾರತ ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಲಾರ್ಡ್ಸ್ ಮೈದಾನದಲ್ಲಿ ಆಡಿತು. ಐವತ್ತಾರರ ಬಾಳೂ ಅವರ ಪಾಲಿಗೆ ಆ ದಿನ ತಡವಾಗಿ ಬಂದಿತ್ತು. ಆಗಸ್ಟ್‌ನಲ್ಲಿ ಬ್ರಿಟಿಷ್ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಪ್ರಕಟಿಸಿದ ಕೋಮುವಾರು ತೀರ್ಪು ದಮನಿತ ವರ್ಗಗಳಿಗೆ ಪ್ರತ್ಯೇಕ ಮತಕ್ಷೇತ್ರವನ್ನು, ಎಂದರೆ ಅವರ ಪ್ರತಿನಿಧಿಗಳನ್ನು ಅವರೇ ಓಟು ಹಾಕಿ ಆರಿಸುವ ವ್ಯವಸ್ಥೆಯನ್ನು, ಕೊಟ್ಟಿತು. ಗಾಂಧೀಜಿ ಇದನ್ನು ವಿರೋಧಿಸಿ ಯರವಡಾ ಸೆರೆಮನೆಯಲ್ಲಿ ಸೆಪ್ಟೆಂಬರ್ 20ರಂದು ಉಪವಾಸ ಕೂತರು. 24ರಂದು ಪುಣೆ ಒಪ್ಪಂದವಾಯಿತು. ಪ್ರತ್ಯೇಕ ಮತಕ್ಷೇತ್ರ ಹೋಯಿತು. ಅದರ ಬದಲಿಗೆ ಪ್ರಾಂತೀಯ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನಗಳು ಬಂದವು. ಈ ಸ್ಥಾನಗಳಿಗೆ ಮೊದಲ ಹಂತದಲ್ಲಿ ದಮನಿತ ವರ್ಗದ ಮತದಾರರು ಮಾತ್ರ ನಾಲ್ವರನ್ನು ಆರಿಸಬೇಕು, ಎರಡನೆಯ ಹಂತದಲ್ಲಿ ಎಲ್ಲ ಹಿಂದೂ ಮತದಾರರೂ ಸೇರಿ ಆ ನಾಲ್ವರಲ್ಲಿ ಒಬ್ಬರನ್ನು ಗೆಲ್ಲಿಸಬೇಕು ಎಂದಾಯಿತು. ಇದೇ ಜಂಟಿ ಮತಕ್ಷೇತ್ರ. ಒಪ್ಪಂದಕ್ಕೆ ಸಹಿ ಹಾಕಿದವರ ಸಾಲಿನಲ್ಲಿ ಮದನ ಮೋಹನ ಮಾಳವೀಯ, ಅಂಬೇಡ್ಕರ್, ಮದರಾಸಿನ ಎಂ.ಸಿ. ರಾಜಾ, ರಾಜಾಜಿ ಮುಂತಾದವರ ಜೊತೆಗೆ ಪಿ. ಬಾಳೂ ಎಂಬ ಹೆಸರೂ ಇದೆ.

ಕನ್ನಡದಲ್ಲಿ 'ಮತ' ಎಂಬ ಒಂದೇ ಪದ ಧರ್ಮಕ್ಕೂ ಸಲ್ಲುತ್ತದೆ, ಓಟಿಗೂ ಸಲ್ಲುತ್ತದೆ. 1932ರ ವಿವಾದದ ತಿರುಳು ಆ ಒಂದು ಪದದಲ್ಲಿ ಅಡಗಿದೆ: ಒಂದೇ ಮತದವರೆಂದು ಎಣಿಸಿದವರು ಒಂದೇ ಪೆಟ್ಟಿಗೆಯಲ್ಲಿ ಮತ ಹಾಕಬೇಕೆ, ಬೇರೆ ಬೇರೆಯೇ ಎಂಬುದು. ಪ್ರತ್ಯೇಕ ಮತಕ್ಷೇತ್ರವೆಂದರೆ ಪ್ರತ್ಯೇಕ ತಂಡ. ಜಂಟಿ ಮತಕ್ಷೇತ್ರವೆಂದರೆ ಹಿಂದೂ ಜಿಮ್ಖಾನಾದ ತಂಡದಲ್ಲಿ ಕಾದಿಟ್ಟ ಸ್ಥಾನ. ತಮ್ಮ ಇಡೀ ಬದುಕನ್ನು ಎರಡನೆಯ ತಂಡದಲ್ಲಿ ಆಡಿದ ಬಾಳೂ ಅದೇ ಪಕ್ಷ ವಹಿಸಿದ್ದು ಸಹಜ. ಅಂಬೇಡ್ಕರ್ ಅವರ ಅನುಭವ ಬೇರೆ: ಬರೋಡಾದ ನೌಕರಿಯಲ್ಲಿ ವಾಸಕ್ಕೆ ಮನೆ ಸಿಗದೆ ಅಲೆದವರಿಗೆ, 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದ್ದಕ್ಕೆ ತಮ್ಮ ಜನ ಏಟು ತಿಂದದ್ದನ್ನು ಕಂಡವರಿಗೆ, ಸವರ್ಣೀಯರ ಓಟಿನಿಂದ ಗೆಲ್ಲಬೇಕಾದ ದಲಿತ ಪ್ರತಿನಿಧಿ ದಲಿತರ ಮಾತನ್ನು ಗಟ್ಟಿಯಾಗಿ ಆಡಬಲ್ಲನೇ ಎಂಬ ಸಂಶಯ ಬಂದದ್ದು ಅಷ್ಟೇ ಸಹಜ. ಈ ಸಂಶಯ ಸರಿಯಾದುದೇ ಆಗಿತ್ತು ಎಂದು ಇಲ್ಲಿ ಹೇಳಬೇಕಾಗುತ್ತದೆ. ಪಂದ್ಯವೊಂದನ್ನು ಗೆಲ್ಲಬೇಕಾದವರಿಗೆ ಬಾಳೂ ಅವರ ಎಡಗೈ ಬೇಕಿತ್ತು. ಆ ಅಗತ್ಯವೇ ಅವರ ಕೈಯಲ್ಲಿದ್ದ ಬಲ. ಕೆರೆಯ ದಂಡೆಯಲ್ಲಿ ನೀರಿಗೆ ನಿಂತ ಸಾಮಾನ್ಯ ದಲಿತನ ಬಳಿ ಯಾರಿಗೂ ಬೇಕಾದ ಅಂಥ ಕೈಚಳಕ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಅಪರೂಪದ ಪ್ರತಿಭೆಗೆ ತೆರೆದ ಬಾಗಿಲನ್ನು ಎಲ್ಲರ ಬಾಗಿಲೆಂದು ಬಾಳೂ ನಂಬಿದರು. ಅವರ ರಾಜಕಾರಣದ ದೌರ್ಬಲ್ಯ ಅದು. ಅದನ್ನು ಸ್ವಾರ್ಥವೆಂದಾಗಲಿ, ಸವರ್ಣೀಯರ ಊಳಿಗವೆಂದಾಗಲಿ ಕರೆದವರು ಮಾತ್ರ ಪುಣೆಯ ಪೆವಿಲಿಯನ್ನಿನ ಹೊರಗೆ ನಿಂತು ಕುಡಿಕೆ ಹಿಡಿದ ಆ ಹುಡುಗನನ್ನು ನೋಡಲಾರದವರು.

ಮುಂದಿನ ಹಂತಗಳನ್ನು ಬೇಗ ದಾಟಬಹುದು. 1933ರಲ್ಲಿ ಬಾಳೂ ಹಿಂದೂ ಮಹಾಸಭೆಯ ಅಭ್ಯರ್ಥಿಯಾಗಿ ಬೊಂಬಾಯಿ ನಗರಸಭೆಗೆ ನಿಂತು ಸೋತರು. 1935ರ ಅಕ್ಟೋಬರ್‌ನಲ್ಲಿ ಯೇವಲಾದಲ್ಲಿ ಅಂಬೇಡ್ಕರ್, ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದಾಗ ಬಾಳೂ ಮತಾಂತರವನ್ನು ಬಹಿರಂಗವಾಗಿ ವಿರೋಧಿಸಿದರು. ಇದರಲ್ಲಿ ಸಮುದಾಯಗಳ ಒಳಗಿನ ಬಿರುಕೂ ಇತ್ತೆಂಬುದನ್ನು ಮರೆಮಾಚಬಾರದು; ಅಂಬೇಡ್ಕರ್ ಹುಟ್ಟಿದ ಮಹಾರ ಸಮುದಾಯ ಅವರ ಹಿಂದೆ ಒಟ್ಟಾಗಿ ನಿಂತಷ್ಟು ಚಾಂಭಾರರು ನಿಲ್ಲಲಿಲ್ಲ, ಕಾಂಗ್ರೆಸ್ಸಿಗೆ ಈ ಬಿರುಕಿನ ಅರಿವು ಚೆನ್ನಾಗಿಯೇ ಇತ್ತು.

1937ರ ಆರಂಭದ ಚುನಾವಣೆಯಲ್ಲಿ ಅಂಬೇಡ್ಕರ್ ಹಿಂದಿನ ವರ್ಷ ತಾವೇ ಕಟ್ಟಿದ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಬೊಂಬಾಯಿ ನಗರದ ಇ ಮತ್ತು ಎಫ್ ವಾರ್ಡುಗಳ ಮೀಸಲು ಸ್ಥಾನಕ್ಕೆ ನಿಂತರು. ಬಾಯ್ಖಳಾ, ಪರೇಲ್ ಭಾಗದ ಗಿರಣಿ ಕಾರ್ಮಿಕರ ಚಾಳುಗಳ ಕ್ಷೇತ್ರ ಅದು. ಅವರ ಎದುರು ನಿಲ್ಲಿಸಲು ಹೆಸರಿರುವ ದಲಿತರೊಬ್ಬರು ಕಾಂಗ್ರೆಸ್ಸಿಗೆ ಬೇಕಿತ್ತು. ಅರವತ್ತು ತುಂಬಿದ ಬಾಳೂ ಒಪ್ಪಿದರು. ಮತ್ತೊಮ್ಮೆ ಗೆಲ್ಲಲೇಬೇಕಾದ ಪಂದ್ಯವೊಂದಕ್ಕೆ ಅವರನ್ನು ಕರೆಯಲಾಗಿತ್ತು. ಅಂಬೇಡ್ಕರ್ 13,245 ಮತ ಪಡೆದರು, ಬಾಳೂ 11,225. ಪ್ರಾಂತದ 175 ಸ್ಥಾನಗಳಲ್ಲಿ 86ನ್ನು ಗೆದ್ದ ಕಾಂಗ್ರೆಸ್ಸಿಗೆ ಈ ಒಂದು ಸೋಲು ದೊಡ್ಡದಲ್ಲ. ಆದರೆ ಅಂತರ ಎರಡು ಸಾವಿರದಷ್ಟೇ ಇದ್ದದ್ದು, ದಲಿತ ರಾಜಕಾರಣದ ಮಹಾನಾಯಕರ ಎದುರು ನಿಂತಾಗಲೂ ಮೈದಾನದ ನೆನಪು ಆ ಚಾಳುಗಳಲ್ಲಿ ಎಷ್ಟು ಜೀವಂತವಾಗಿತ್ತು ಎಂಬುದನ್ನು ತೋರಿಸುತ್ತದೆ. ಹದಿನೈದು ವರ್ಷಗಳ ಮೇಲೆ, 1952ರ ಲೋಕಸಭಾ ಚುನಾವಣೆಯಲ್ಲಿ, ಅದೇ ನಗರದಲ್ಲಿ ನಾರಾಯಣ ಕಾಜರೋಳಕರ್ ಎಂಬ ಕಾಂಗ್ರೆಸ್ಸಿನ ದಲಿತ ಅಭ್ಯರ್ಥಿ ಅಂಬೇಡ್ಕರ್ ಅವರನ್ನು ಸೋಲಿಸಿದ್ದು, ಜಂಟಿ ಮತಕ್ಷೇತ್ರದ ಬಗ್ಗೆ ಅಂಬೇಡ್ಕರ್ ಅವರಿಗಿದ್ದ ಸಂಶಯ ಯಾವ ನೆಲದಲ್ಲಿ ಬೇರೂರಿತ್ತು ಎಂಬುದನ್ನು ತೋರಿಸುತ್ತದೆ.

ಬಾಳೂ ಮತ್ತೆ ಚುನಾವಣೆಯ ಮುಂಚೂಣಿಗೆ ಬರಲಿಲ್ಲ. 1955ರ ಜುಲೈನಲ್ಲಿ ಬೊಂಬಾಯಿಯಲ್ಲಿ ತೀರಿಕೊಂಡರು. ಮುಂದಿನ ವರ್ಷದ ಅಕ್ಟೋಬರ್‌ನಲ್ಲಿ ಅಂಬೇಡ್ಕರ್ ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧ ಧರ್ಮ ಸ್ವೀಕರಿಸಿದರು. ದೇವಧರ್ ಅವರ ಹೆಸರಿನಲ್ಲಿ 1973ರಲ್ಲಿ ರಾಷ್ಟ್ರೀಯ ಪಂದ್ಯಾವಳಿಯೊಂದು ಆರಂಭವಾಯಿತು, ಅವರ ಆಟಕ್ಕೆ ಸಲ್ಲಬೇಕಾದ ಗೌರವವೇ ಅದು. ಪಾಲವಣಕರ್ ಮನೆತನದ ಕಥೆ ಮಾತ್ರ ಹೆಚ್ಚಾಗಿ ಉಳಿದದ್ದು ವಿಠ್ಠಲ 1948ರಲ್ಲಿ ಪ್ರಕಟಿಸಿದ 'ಮಾಝೆ ಕ್ರೀಡಾಜೀವನ' ಎಂಬ ಮರಾಠಿ ಆತ್ಮಕಥೆಯಲ್ಲಿ. ನಾಯಕನಾದ ತಮ್ಮನ ಆ ಪುಸ್ತಕದ ಮೂಲಕವೇ, ನಾಯಕನಾಗದ ಅಣ್ಣನನ್ನು ಇಂದಿನ ಓದುಗರು ತಲುಪಬೇಕಾಗಿದೆ.